ಗಣೇಶ ಬದಲಾಗಲಿ, ವಠಾರ ಉಳಿಯಲಿ

‘ಗಣೇಶ’ನ ಸಿನಿಮಾಗಳನ್ನು ಹೊಸ ನಟರನ್ನು ಹಾಕಿಕೊಂಡು ಮತ್ತೆ ತೆಗೆಯಬೇಕು ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ನಮ್ಮ ಕಡೆ ಸಿಗುವ ಉತ್ತರ ಒಂದೇ. ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು, ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು, ನನಗೂ ಅದನ್ನೇ ಹೇಳಿದರು: ‘ಅನಂತನಾಗ್ ಇಲ್ದಂಗೆ ಗಣೇಶ ಎಂಥದು ಬಿಡ್ರಿ.’ ಅವರ ಅಭಿಮಾನ ನನಗೂ ಇದೆ. ಆದರೂ ಆ ಮಾತನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ದಾವಣಗೆರೆಯವರಿಗೇ ಗೊತ್ತಿರುವ ಒಂದು ಕಾರಣವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿನಿಮಾಗಳ ಕಡೆ ನೋಡೋಣ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ ಬಂದದ್ದು 1990ರಲ್ಲಿ. ಮರುವರ್ಷ ‘ಗೌರಿ ಗಣೇಶ’, ಅದರ ಮರುವರ್ಷ ‘ಗಣೇಶ ಸುಬ್ರಮಣ್ಯ’. ಮೂರಕ್ಕೂ ನಾಯಕ ಅನಂತನಾಗ್. ಇವನ್ನು ಸರಣಿ ಎಂದು ನಾವೇ ಕರೆದುಕೊಂಡೆವು. ಕಥೆಯ ಲೆಕ್ಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೊದಲ ಚಿತ್ರದ ಗಣೇಶ ವಠಾರದಲ್ಲಿ ಬಾಡಿಗೆಗಿರುವ ಬ್ರಹ್ಮಚಾರಿ. ಎರಡನೆಯದರಲ್ಲಿ ಅನಂತನಾಗ್ ಲಂಬೋದರನೆಂಬ ಚಾಲಾಕಿ ಮೋಸಗಾರ. ಸತ್ತುಹೋದ ಗೌರಿಯ ಡೈರಿ ಕೈಗೆ ಸಿಕ್ಕಿದ್ದೇ ನೆಪವಾಗಿ ಮೂವರು ಗಂಡಸರಿಗೆ ‘ನಿಮಗೊಂದು ಮಗು ಇದೆ’ ಎಂದು ನಂಬಿಸಿ ದುಡ್ಡು ಕೀಳುತ್ತಾನೆ. ಮನುಷ್ಯ ಬೇರೆ, ಸಂಕಟ ಬೇರೆ. ಹಾಗಾದರೆ ಮೂರರಲ್ಲೂ ಮುಂದುವರಿದದ್ದು ಏನು?

‘ಗಣೇಶನ ಮದುವೆ’ಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ವಠಾರದ ಯಜಮಾನ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಅವರ ಮಗಳು ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್. ಗಣೇಶನಿಗೂ ಆದಿಲಕ್ಷ್ಮಿಗೂ ಹಾವು ಮುಂಗುಸಿ ಜಗಳ. ಆದರೆ ಅವಳು ಶ್ರುತಿ ಎಂಬ ಹೆಸರಿನಲ್ಲಿ ಹಾಡುವ ಗಾಯಕಿ, ಇವನು ವೈ.ಜಿ. ರಾವ್ ಎಂಬ ಹೆಸರಿನಲ್ಲಿ ಆ ಶ್ರುತಿಗೆ ಪತ್ರ ಬರೆಯುವ ಅಭಿಮಾನಿ. ಕಾಗದದ ಮೇಲೆ ಪ್ರೀತಿ, ಬಾಗಿಲ ಮುಂದೆ ಬೈಗುಳ. ಇದು ನಮಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಇಷ್ಟು ಕಟ್ಟಿಕೊಟ್ಟ ಮೇಲೆ ಬರೆಯುವವನು ಜೋಕು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಆದಿಲಕ್ಷ್ಮಿ ಮುಖ ಸಿಂಡರಿಸಿಕೊಂಡು ‘ಥೂ’ ಎಂದರೂ ನಗು ಬರುತ್ತದೆ, ಏಕೆಂದರೆ ಒಳಗೆ ಹೋಗಿ ಅವಳು ಓದುವುದು ಅವನದೇ ಪತ್ರ. ರಾಜನ್-ನಾಗೇಂದ್ರ ಅವರ ಸಂಗೀತವೂ ಈ ಕಟ್ಟಿನೊಳಗೇ ಕೆಲಸ ಮಾಡುತ್ತದೆ. ಹಾಡು ಇಲ್ಲಿ ಕಥೆಗೆ ಬೇಕಾದ ಸಾಮಾನು.

ಈ ಕಟ್ಟಿನ ಸುತ್ತ ಒಂದು ತಂಡ ನಿಂತಿತ್ತು. ಚಂದ್ರು, ರಮೇಶ್ ಭಟ್, ವೈಶಾಲಿ ಕಾಸರವಳ್ಳಿ ಎಲ್ಲರೂ ರಂಗಭೂಮಿಯಲ್ಲಿ ಪಳಗಿದವರು. ಎದುರಿನವರು ಮಾತು ಎತ್ತಿದಾಗ ತಾನು ಸುಮ್ಮನಿರಬೇಕಾದ ಜಾಗ ಯಾವುದೆಂದು ಅವರಿಗೆ ಗೊತ್ತಿತ್ತು. ನಡುವೆ ಅನಂತನಾಗ್. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ (1974) ಮಾಡಿ ಬಂದ ಗಂಭೀರ ನಟ ಅವರು. ಹಾಸ್ಯದಲ್ಲೂ ಆ ಗಾಂಭೀರ್ಯ ಬಿಟ್ಟುಕೊಡಲಿಲ್ಲ. ಲಂಬೋದರ ಸುಳ್ಳು ಹೇಳುವಾಗ ಅದನ್ನು ತಾನೇ ಮೊದಲು ನಂಬಿದವನ ಹಾಗಿರುತ್ತಾನೆ. ಕಣ್ಣು ಮಿಟುಕಿಸಿ ‘ನೋಡ್ರಿ, ನಾನು ತಮಾಷೆ ಮಾಡ್ತಿದೀನಿ’ ಎಂದು ಪ್ರೇಕ್ಷಕನಿಗೆ ಎಲ್ಲೂ ಸನ್ನೆ ಕೊಡುವುದಿಲ್ಲ. ನಗಿಸುವವನು ತಾನು ನಗಬಾರದು ಎಂಬ ಈ ಶಿಸ್ತನ್ನು ಇನ್ನೊಬ್ಬ ನಟ ಕಲಿಯಬಹುದು. ಅನಂತನಾಗ್ ಅವರ ಮೂಗು, ದನಿ, ನಡಿಗೆಯನ್ನು ಯಾರೂ ಕಲಿಯಲಾರರು, ಕಲಿಯಲೂಬಾರದು.

1995ರಲ್ಲಿ ಫಣಿ ರಾಮಚಂದ್ರ ಅವರೇ ‘ಗಣೇಶನ ಗಲಾಟೆ’ ಮಾಡಿದರು. ನಾಯಕ ಶಶಿಕುಮಾರ್. ಹೆಸರು ಉಳಿಯಿತು, ನಿರ್ದೇಶಕರು ಉಳಿದರು. ಆದರೂ ಜನ ಇವತ್ತಿಗೂ ಬಾಯಿಪಾಠವಾಗಿ ಹೇಳುವುದು ಮೊದಲಿನ ಚಿತ್ರಗಳ ಮಾತುಗಳನ್ನೇ. ಇದಕ್ಕೆ ಶಶಿಕುಮಾರ್ ಅವರನ್ನು ದೂರುವುದು ಸರಿಯಲ್ಲ. ವಠಾರದಂಥ ಬಿಗಿಯಾದ ಜಾಗ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದ ತಂಡ ಸಡಿಲವಾದಾಗ ಎಂಥ ನಟನೂ ಒಬ್ಬನೇ ಭಾರ ಹೊರಬೇಕಾಗುತ್ತದೆ.

ಹೊಸ ತಂಡದ ಪ್ರಯತ್ನಕ್ಕೆ ಕನ್ನಡದಲ್ಲಿ ಇನ್ನೂ ನೇರವಾದ ಉದಾಹರಣೆ ‘ಉದ್ಭವ’. ಬಿ.ವಿ. ವೈಕುಂಠರಾಜು ಅವರ ಕಾದಂಬರಿಯನ್ನು ಕೋಡ್ಲು ರಾಮಕೃಷ್ಣ 1990ರಲ್ಲಿ ಸಿನಿಮಾ ಮಾಡಿದರು. ಅದರಲ್ಲೂ ಅನಂತನಾಗ್. ರಸ್ತೆ ಅಗಲ ಮಾಡುವ ಸರ್ಕಾರದ ಯೋಜನೆ, ಅದನ್ನು ತಪ್ಪಿಸಲು ನೆಲದಿಂದ ‘ಉದ್ಭವ’ವಾಗುವ ಗಣಪ. ಮೂವತ್ತು ವರ್ಷದ ನಂತರ, 2020ರಲ್ಲಿ, ಅದೇ ನಿರ್ದೇಶಕರು ‘ಮತ್ತೆ ಉದ್ಭವ’ ತಂದರು. ಅನಂತನಾಗ್ ಮಾಡಿದ್ದ ಪಾತ್ರಕ್ಕೆ ರಂಗಾಯಣ ರಘು ಬಂದರು. ಮಗನಾಗಿ ಪ್ರಮೋದ್, ಜೊತೆಗೆ ಮಿಲನಾ ನಾಗರಾಜ್. ಮಗನ ತಲೆಮಾರಿಗೆ ಕಥೆ ದಾಟಿಸಿದ್ದು ಜಾಣತನ, ಏಕೆಂದರೆ ದೇವರ ಹೆಸರಿನಲ್ಲಿ ನಡೆಯುವ ವ್ಯವಹಾರ ಈ ಮೂವತ್ತು ವರ್ಷದಲ್ಲಿ ಬೆಳೆದಿದೆಯೇ ಹೊರತು ಇಳಿದಿಲ್ಲ. ರಘು ಅವರ ಶಕ್ತಿ ಬೇರೆ ಜಾತಿಯದು. ಅನಂತನಾಗ್ ತಣ್ಣಗೆ ಮಾಡಿದ್ದನ್ನು ಅವರು ಮೈಯೆಲ್ಲ ಕುಣಿಸಿ ಮಾಡುತ್ತಾರೆ. ಹಳೆಯದನ್ನು ನಕಲು ಮಾಡಲು ಹೋಗದ ಅವರ ನಿರ್ಧಾರ ನನಗೆ ಇಷ್ಟವಾಯಿತು. ಚಿತ್ರ ಹಳೆಯ ‘ಉದ್ಭವ’ದ ಎತ್ತರಕ್ಕೆ ಏರಲಿಲ್ಲ ಎಂಬುದು ನಿಜ. ಆದರೆ ಅದು ಎಡವಿದ್ದು ಮುಖ ಬದಲಾದ ಕಡೆ ಅಲ್ಲ. ಹಳೆಯ ಚಿತ್ರದಲ್ಲಿ ಒಂದೇ ರಸ್ತೆಯ ಸುತ್ತ ಸುತ್ತುತ್ತಿದ್ದ ಕಥೆ ಇಲ್ಲಿ ಹಲವು ದಿಕ್ಕಿಗೆ ಹರಿದುಹೋದ ಕಡೆ.

‘ಮಠ’ದ ಕಥೆಯೂ ನಮ್ಮೂರಿಗೆ ಹತ್ತಿರದ್ದು. ಗುರುಪ್ರಸಾದ್ ಅವರ 2006ರ ‘ಮಠ’ಕ್ಕೆ ಜಗ್ಗೇಶ್ ಜೀವ. 2022ರಲ್ಲಿ ಬೇರೆ ನಿರ್ದೇಶಕರು ಅದೇ ಹೆಸರಿನಲ್ಲಿ ಇನ್ನೊಂದು ಚಿತ್ರ ಮಾಡಿದಾಗ ಮುಖ್ಯ ಪಾತ್ರಕ್ಕೆ ಬಂದವರು ಸಂತೋಷ್ ದಾವಣಗೆರೆ. ಗುರುಪ್ರಸಾದ್ ನಟರಾಗಿ ಜೊತೆಗಿದ್ದರು. ಊರಿನ ಹೆಸರು ಹೊತ್ತ ಹುಡುಗ ಜಗ್ಗೇಶರ ನೆರಳಿನಲ್ಲಿ ನಿಲ್ಲಬೇಕಾದದ್ದು ಸಣ್ಣ ಕಷ್ಟವಲ್ಲ. ‘ಮಠ’ ಎಂಬ ಹೆಸರು ಜನರನ್ನು ಥಿಯೇಟರ್ ಬಾಗಿಲವರೆಗೆ ಕರೆತರುತ್ತದೆ. ಆದರೆ ಬಂದವರು ಹಳೆಯ ‘ಮಠ’ವನ್ನೇ ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಕೂರುತ್ತಾರೆ.

ಇಂಗ್ಲಿಷ್ ಹಾಸ್ಯ ಚಿತ್ರಗಳಲ್ಲೂ ಇದೇ ಗೋಳು. ಬ್ರಿಟನ್ನಿನ ‘ಕ್ಯಾರಿ ಆನ್’ ಚಿತ್ರಗಳು 1958ರಿಂದ 1978ರವರೆಗೆ ಒಂದರ ಹಿಂದೊಂದು ಬಂದವು. ಅದೇ ನಟರ ಗುಂಪು, ಅದೇ ಕಿತಾಪತಿ. 1992ರಲ್ಲಿ ‘ಕ್ಯಾರಿ ಆನ್ ಕೊಲಂಬಸ್’ ಎಂದು ಬಹುಪಾಲು ಹೊಸ ಮುಖಗಳೊಂದಿಗೆ ಎಬ್ಬಿಸಲು ನೋಡಿದರು, ಏಳಲಿಲ್ಲ. ಪೀಟರ್ ಸೆಲ್ಲರ್ಸ್ 1980ರಲ್ಲಿ ತೀರಿಕೊಂಡ ಮೇಲೆ ‘ಪಿಂಕ್ ಪ್ಯಾಂಥರ್’ನವರು ಹಳೆಯ ಚಿತ್ರಗಳಲ್ಲಿ ಬಳಸದೆ ಉಳಿದಿದ್ದ ದೃಶ್ಯಗಳನ್ನು ಜೋಡಿಸಿಯೇ ಒಂದು ಚಿತ್ರ ಬಿಡುಗಡೆ ಮಾಡಿದರು, ನೋಡಲು ಸಂಕಟವಾಗುತ್ತದೆ. ಇದಕ್ಕೆ ಎದುರಾಗಿ 2025ರ ‘ನೇಕೆಡ್ ಗನ್’ ಇದೆ. ಲೆಸ್ಲಿ ನೀಲ್ಸನ್ ಜಾಗಕ್ಕೆ ಲಿಯಾಮ್ ನೀಸನ್ ಬಂದದ್ದು ನೀಲ್ಸನ್ ಪಾತ್ರದ ಮಗನಾಗಿ. ನೀಲ್ಸನ್ ಹಾಸ್ಯಕ್ಕೆ ಬರುವ ಮೊದಲು ಗಂಭೀರ ಪಾತ್ರಗಳ ನಟ. ನೀಸನ್ ಕೂಡ ಹಾಗೆಯೇ. ಮುಖ ಹೋಲುವವನನ್ನು ಬಿಟ್ಟು, ನಗದೆ ನಗಿಸಬಲ್ಲವನನ್ನು ಹುಡುಕಿದ್ದಾರೆ. ಹಿಂದಿಯ ‘ಭೂಲ್ ಭುಲಯ್ಯಾ 2’ರಲ್ಲಿ (2022) ಅಕ್ಷಯ್ ಕುಮಾರ್ ಹೋಗಿ ಕಾರ್ತಿಕ್ ಆರ್ಯನ್ ಬಂದರೂ ರಾಜ್‌ಪಾಲ್ ಯಾದವ್ ಅವರ ಛೋಟೆ ಪಂಡಿತ್ ಉಳಿದ. ನಾಯಕನನ್ನು ಬದಲಿಸಿ ಪಕ್ಕದ ಹಾಸ್ಯಗಾರನನ್ನು ಉಳಿಸಿಕೊಂಡಿದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಹಳೆಯ ಪ್ರೇಕ್ಷಕನಿಗೆ ಒಬ್ಬ ಪರಿಚಿತ ಸಿಕ್ಕರೆ ಅವನು ಹೊಸಬನಿಗೂ ಜಾಗ ಬಿಡುತ್ತಾನೆ.

ಈಗ ದಾವಣಗೆರೆಯ ಕಾರಣ. ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದ ಊರು ಇದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಅವರ ಮಗಳು ಚಿಂದೋಡಿ ಲೀಲಾ ಇಲ್ಲಿಂದಲೇ ನಾಡೆಲ್ಲ ಹೆಸರಾದರು, 1988ರಲ್ಲಿ ಪದ್ಮಶ್ರೀ ಪಡೆದರು. ‘ಪೊಲೀಸನ ಮಗಳು’ ನಾಟಕವನ್ನು ಒಮ್ಮೆ ನೋಡಿ ತೃಪ್ತಿಯಾಗದೆ ಮತ್ತೆ ಮತ್ತೆ ಹೋದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮಿಲ್ಲಿನ ಪಾಳಿ ಮುಗಿಸಿ, ಮಂಡಕ್ಕಿ ಮಿರ್ಚಿ ತಿಂದು ರಾತ್ರಿಯ ಆಟಕ್ಕೆ ನುಗ್ಗುತ್ತಿದ್ದ ಜನ ಅವರು. ಅವರು ನೋಡಿದ ಒಂದೇ ನಾಟಕದಲ್ಲಿ ನಟರು ಬದಲಾಗುತ್ತಲೇ ಇದ್ದರು. ಒಬ್ಬ ಕಂಪನಿ ಬಿಟ್ಟ, ಇನ್ನೊಬ್ಬನಿಗೆ ಜ್ವರ, ಮತ್ತೊಬ್ಬನಿಗೆ ವಯಸ್ಸಾಯಿತು. ನಾಟಕ ನಿಲ್ಲುತ್ತಿರಲಿಲ್ಲ. ಇವತ್ತಿನ ಉದಾಹರಣೆ ಬೇಕಾದರೆ ರಾಜಣ್ಣ ಜೇವರ್ಗಿ ಅವರ ‘ಕುಂಟ ಕೋಣ ಮೂಕ ಜಾಣ’ ನೋಡಿ. ಜಾತ್ರೆಯಿಂದ ಜಾತ್ರೆಗೆ ಹೋಗುತ್ತದೆ, ನಟರು ಬದಲಾದರೂ ಜನ ನಗುತ್ತಾರೆ.

ಇದು ಹೇಗೆ ಸಾಧ್ಯ? ಕಂಪನಿಗೆ ಬಂದ ಹೊಸ ಹಾಸ್ಯಗಾರನಿಗೆ ಮೊದಲ ದಿನವೇ ಮುಖ್ಯ ಪಾರ್ಟು ಸಿಗುವುದಿಲ್ಲ. ಸೈಡ್ ವಿಂಗಿನಲ್ಲಿ ನಿಂತು ನೋಡಬೇಕು. ಆಮೇಲೆ ಆಳಿನ ಪಾರ್ಟು, ಪೋಸ್ಟ್‌ಮ್ಯಾನ್ ಪಾರ್ಟು. ಅಲ್ಲಿ ನಿಂತಷ್ಟು ದಿನವೂ ಅವನು ಕಲಿಯುವುದು ಮುಖ್ಯವಾಗಿ ಒಂದನ್ನು: ಸಭೆಯ ನಗುವಿನ ಅಳತೆ. ನಗು ಏರುತ್ತಿರುವಾಗ ಮುಂದಿನ ಮಾತು ಆಡಿದರೆ ಅದು ಯಾರಿಗೂ ಕೇಳುವುದಿಲ್ಲ. ಪೂರ್ತಿ ನಿಂತ ಮೇಲೆ ಆಡಿದರೆ ಸಭೆ ತಣ್ಣಗಾಗಿರುತ್ತದೆ. ನಗು ಇಳಿಯಲು ಶುರುವಾದ ಕ್ಷಣಕ್ಕೆ ಸರಿಯಾಗಿ ಮಾತು ಎತ್ತಿಕೊಳ್ಳಬೇಕು, ಅದೂ ಎದುರಿನ ನಟನ ಕಣ್ಣು ನೋಡಿಕೊಂಡು. ಲೆಗ್ ಹಾರ್ಮೋನಿಯಂ ಮಾಸ್ತರರು, ತಬಲಾದವರು ಎಲ್ಲರಿಗೂ ಆ ಕ್ಷಣ ಗೊತ್ತಿರುತ್ತದೆ. ಹೊಸಬ ತಪ್ಪಿದರೆ ಅವರು ಎತ್ತಿ ಹಿಡಿಯುತ್ತಾರೆ. ಹೀಗೆ ಪಾತ್ರ ಕೈ ಬದಲಾಗುವಾಗ ಅದರ ಸುತ್ತಲಿನ ಇಡೀ ಕಂಪನಿ ಅದನ್ನು ಕಾಯುತ್ತದೆ. ಹೊಸಬ ತನ್ನದೇ ಮಾತು ಸೇರಿಸಲು ಶುರುಮಾಡುವುದು ಸಭೆ ಅವನನ್ನು ಒಪ್ಪಿಕೊಂಡ ಮೇಲೆ.

ಸಿನಿಮಾದವರಿಗೆ ಈ ಅನುಕೂಲವಿಲ್ಲ. ಅವರ ಎದುರು ಸಭೆ ಇರುವುದಿಲ್ಲ. ಅದಕ್ಕೇ ಅವರಿಗೆ ತಾಲೀಮು ಇನ್ನೂ ಹೆಚ್ಚು ಬೇಕು. ಈಗ ಆಗುತ್ತಿರುವುದು ತದ್ವಿರುದ್ಧ. ಹೆಸರು ಕೊಂಡುಕೊಳ್ಳುತ್ತಾರೆ, ಟಿ.ವಿ. ಕಾಮಿಡಿ ಶೋಗಳಲ್ಲಿ ಗೆದ್ದವರನ್ನು ಹತ್ತಾರು ಮಂದಿ ತುಂಬುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಜೋಕು ಹಂಚುತ್ತಾರೆ. ಆ ಹುಡುಗ ಹುಡುಗಿಯರಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಅವರನ್ನು ಒಂದೇ ವಠಾರದಲ್ಲಿ ತಿಂಗಳುಗಟ್ಟಲೆ ಕೂರಿಸಿ ಒಬ್ಬರಿಗೊಬ್ಬರನ್ನು ಒಗ್ಗಿಸುವವರಿಲ್ಲ, ಅಷ್ಟೆ.

ವಠಾರ ಈಗೆಲ್ಲಿದೆ ಎಂದು ಕೇಳುವವರಿದ್ದಾರೆ. 2021ರ ‘ಇಕ್ಕಟ್’ ನೋಡಿ. ಲಾಕ್‌ಡೌನಿನಲ್ಲಿ ಒಂದೇ ಮನೆಯಲ್ಲಿ ಸಿಕ್ಕಿಬಿದ್ದ ಗಂಡ ಹೆಂಡತಿ, ನಾಗಭೂಷಣ ಮತ್ತು ಭೂಮಿ ಶೆಟ್ಟಿ. ಹೊರಗೆ ಹೋಗಲು ದಾರಿಯಿಲ್ಲದ ಜಾಗ ಇದ್ದರೆ ಹಾಸ್ಯ ತಾನಾಗಿ ಹುಟ್ಟುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಪತ್ರದ ಕಾಲ ಹೋಯಿತು, ನಿಜ. ಆದರೆ ಮುಖ ಕಾಣದ ದನಿಯನ್ನು ಪ್ರೀತಿಸಿ, ಎದುರು ಮನೆಯವಳ ಜೊತೆ ಪಾರ್ಕಿಂಗಿಗಾಗಿ ಜಗಳವಾಡುವ ಗಣೇಶ ಇವತ್ತಿನ ಯಾವ ಅಪಾರ್ಟ್‌ಮೆಂಟಿನಲ್ಲೂ ಇರಬಹುದು. ನನ್ನನ್ನು ಕೇಳಿದರೆ ಆ ಪಾತ್ರಕ್ಕೆ ನಾಗಭೂಷಣ ಸರಿ. ನಗದೆ ನಗಿಸುವುದು ಅವರಿಗೆ ಬರುತ್ತದೆ. ರಮಣಮೂರ್ತಿಯ ಪಾತ್ರವನ್ನು ರಂಗಭೂಮಿಯ ಹಿರಿಯ ನಟರೊಬ್ಬರಿಗೇ ಕೊಡಬೇಕು. ಹಳಬರಲ್ಲಿ ರಮೇಶ್ ಭಟ್ ಒಬ್ಬರಾದರೂ ವಠಾರದಲ್ಲಿರಬೇಕು.

ದಾವಣಗೆರೆಗೆ ಈಗ ವೃತ್ತಿ ರಂಗಭೂಮಿಯ ರಂಗಾಯಣವೇ ಬಂದಿದೆ, ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಅದರ ನೆಲೆ. ಅಲ್ಲಿನವರಲ್ಲಿ ನನ್ನ ಕೋರಿಕೆ ಇಷ್ಟು: ಹಾಸ್ಯದ ಪಾರ್ಟುಗಳಿಗಾಗಿಯೇ ಒಂದು ದೀರ್ಘ ತಾಲೀಮು ಶಿಬಿರ ನಡೆಸಿ. ಕಂಪನಿಯ ಹಳೆಯ ಹಾಸ್ಯಗಾರರು ಇನ್ನೂ ಇದ್ದಾರೆ, ಅವರನ್ನೇ ಮಾಸ್ತರರನ್ನಾಗಿ ಕೂರಿಸಿ. ಗಾಂಧಿನಗರದ ನಿರ್ಮಾಪಕರು ಹಳೆಯ ಹೆಸರಿಗೆ ದುಡ್ಡು ಕಟ್ಟುವ ಮೊದಲು ಆ ಶಿಬಿರಕ್ಕೆ ತಮ್ಮ ಹೊಸ ನಟರನ್ನು ಕಳಿಸಲಿ. ಓದುಗರೂ ಒಂದು ಕೆಲಸ ಮಾಡಬೇಕು. ಮುಂದಿನ ಸಲ ದುಗ್ಗಮ್ಮನ ಜಾತ್ರೆಗೆ ಕಂಪನಿ ಕ್ಯಾಂಪ್ ಹಾಕಿದಾಗ, ನೀವು ಒಮ್ಮೆ ನೋಡಿದ ನಾಟಕವನ್ನೇ ಪಾರ್ಟು ಬದಲಾದ ಮೇಲೆ ಇನ್ನೊಮ್ಮೆ ಹೋಗಿ ನೋಡಿ.