ಹೊಡೆದಾಟ ಬರೆಯುವವರಿಗೆ ಹಲಗಲಿಯ ಲಾವಣಿ

ಕಥೆಯಲ್ಲಿ ಹೊಡೆದಾಟ ಬರೆಯುವುದು ಹೇಗೆಂದು ಕೇಳುವವರಿಗೆ ನಾನು ಹಲಗಲಿ ಬೇಡರ ಲಾವಣಿ ಓದಲು ಹೇಳುತ್ತೇನೆ. ಹಲಗಲಿ ಮುಧೋಳ ತಾಲ್ಲೂಕಿನ ಊರು.

ಲಾವಣಿಕಾರ ಕತ್ತಿ ಝಳಪಿಸಿ ಶುರುಮಾಡುವುದಿಲ್ಲ. ಆಯುಧ ಒಪ್ಪಿಸಿರೆಂಬ 1857ರ ಕಂಪನಿ ಸರ್ಕಾರದ ಹುಕುಂ ಮೊದಲು ಬರುತ್ತದೆ. ಬೇಟೆಯೇ ಬದುಕಾದವರು ಆಯುಧ ಕೊಟ್ಟರೆ ಉಳಿಯುವುದೇನು? ಆಯುಧ ಕೊಡದೆ ಎದುರು ನಿಂತ ಬೇಡರು ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಗೊತ್ತಾದ ಮೇಲೆ, ಹಾರುವ ಗುಂಡು ನಮ್ಮ ಗುರುತಿನವರಿಗೇ ತಗಲುತ್ತದೆ. ಕಾಳಗ ಓಡುತ್ತಲೇ ಸಾಗುತ್ತದೆ, ವರ್ಣನೆಗೆ ಪುರುಸೊತ್ತಿಲ್ಲ.

ನಾನು ಹೆಚ್ಚು ಮೆಚ್ಚಿದ್ದು ಕೊನೆಯನ್ನು. ಗೆದ್ದವರು ದೋಚಿದ್ದರ ಪಟ್ಟಿಯಲ್ಲಿ ಕೊಡಲಿ, ಬೆಣ್ಣೆ, ಉಪ್ಪು, ಬೆಲ್ಲ, ಬೀಸುಕಲ್ಲು, ಮಂಗಳಸೂತ್ರ ಎಲ್ಲ ಇವೆ. ಊರಿಗೆ ಬೆಂಕಿ ಬೀಳುತ್ತದೆ. ಹೆಣಗಳ ಲೆಕ್ಕಕ್ಕಿಂತ ಈ ಅಡುಗೆಮನೆಯ ಲೆಕ್ಕವೇ ಸೋಲನ್ನು ಆಳವಾಗಿ ಮುಟ್ಟಿಸುತ್ತದೆ.

ಯಾರು ಯಾರಿಗೆ ಎಲ್ಲಿ ಹೊಡೆದರೆಂದು ಪುಟ ತುಂಬಿಸುವುದು ಸುಲಭ. ಯಾಕೆ ಹೊಡೆದರು, ಆಮೇಲೆ ಮನೆಯಲ್ಲಿ ಏನು ಉಳಿಯಿತು ಎಂಬುದನ್ನು ಮೊದಲು ಬರೆಯಿರಿ. ಏಟಿನ ತೂಕ ತಾನಾಗಿ ಬರುತ್ತದೆ.