ಕೋಗಿಲೆಂಬ ಊರಹೆಸರೂ ಈಥರ್ಸ್ ಲೈಬ್ರರಿಯೂ

ಈಥೀರಿಯಂ ಜಾಲದಲ್ಲಿ ನೆಲೆಗೊಂಡ ಸ್ಮಾರ್ಟ್ ಕಾಂಟ್ರ್ಯಾಕ್ಟುಗಳೊಡನೆ ಜಾವಾಸ್ಕ್ರಿಪ್ಟಿನ ಮೂಲಕ ವ್ಯವಹರಿಸುವವರಿಗೆ ರಿಚರ್ಡ್ ಮೂರ್ ಎಂಬವರು ರಚಿಸಿದ ಈಥರ್ಸ್ ಲೈಬ್ರರಿಯು ಚಿರಪರಿಚಿತವಾದುದು. (ಲೈಬ್ರರಿಯೆಂದರೆ ಇಲ್ಲಿ ಪುಸ್ತಕಭಂಡಾರವಲ್ಲ, ಸಿದ್ಧಕ್ರಿಯೆಗಳ ಕೂಟ.) 2023ರಲ್ಲಿ ಹೊರಬಂದ ಇದರ ಆರನೆಯ ಆವೃತ್ತಿಯು ಪ್ರಕೃತ ವಿಮರ್ಶೆಯ ವಿಷಯವಾಗಿದೆ.

ಇದರ ರಚನಾಕ್ರಮವು ಮೆಚ್ಚತಕ್ಕದ್ದು. ಜಾಲವನ್ನು ಓದುವ ‘ಪ್ರೊವೈಡರ್’ ಬೇರೆ, ರುಜು ಹಾಕುವ ‘ಸೈನರ್’ ಬೇರೆ. ಬರಿದೆ ಓದುವವನಿಗೆ ರುಜುವಿನ ಗೊಡವೆಯಿಲ್ಲ. ಬರೆಯುವವನು ಮಾತ್ರ ‘ಗ್ಯಾಸ್’ ಎಂಬ ಶುಲ್ಕವನ್ನು ತೆರಬೇಕು. ಲೆಕ್ಕದ ವಿಷಯದಲ್ಲಿಯೂ ಎಚ್ಚರವುಂಟು. ಒಂದು ಈಥರಿಗೆ 1ರ ಮುಂದೆ 18 ಸೊನ್ನೆಗಳಷ್ಟು ವೇಯ್. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಯಾದರೋ 9007199254740991ರ ಆಚೆಗೆ ಪೂರ್ಣಾಂಕಗಳನ್ನು ನಿಶ್ಚಿತವಾಗಿ ಹಿಡಿಯಲಾರದು. ಆದುದರಿಂದಲೇ ಈ ಆವೃತ್ತಿಯು ಬಿಗ್‌ಇಂಟನ್ನು ಆಶ್ರಯಿಸಿದೆ.

ಅಂಕಿಗಳಲ್ಲಿ ತೋರಿದ ಈ ಎಚ್ಚರವು ಅಕ್ಷರಗಳಲ್ಲಿ ಕಾಣದು. ಯಲಹಂಕದ ಮಗ್ಗುಲಿನ ಕೋಗಿಲನ್ನೇ ತೆಗೆದುಕೊಳ್ಳಬಹುದು. ಈ ಹೆಸರಿಗೆ ಯೂನಿಕೋಡಿನಲ್ಲಿ 6 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ 18 ಬೈಟುಗಳು. ಆದರೆ ‘ಕೋ’ ಎಂಬಲ್ಲಿಯ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿ ಬಿಡಿಸಿಯೂ ಬರೆಯಬಹುದು. ಬಿಡಿಸಿದರೆ 24 ಬೈಟುಗಳಾಗುವುವು. ಕಣ್ಣಿಗೆ ಎರಡೂ ಒಂದೇ ಕೋಗಿಲು. ಕೆಚ್ಚಾಕ್-256 ಎಂಬ ಮುದ್ರೆಗೆ ಅವು ಬೇರೆ ಬೇರೆ ಊರುಗಳು. ಲೈಬ್ರರಿಯ ‘ಐಡಿ’ ಎಂಬ ಕ್ರಿಯೆಯು ಪಾಠಗಳನ್ನು ಸಮೀಕರಿಸದೆ, ಬಂದುದನ್ನು ಬಂದಂತೆಯೇ ಮುದ್ರಿಸುತ್ತದೆ. ಬೈಟುಗಳನ್ನು ಮಾಡುವ ಕ್ರಿಯೆಯಲ್ಲಿ ಸಮೀಕರಣಕ್ಕೆ ಅವಕಾಶವಿಲ್ಲದಿಲ್ಲ. ಕೇಳಿದವರಿಗೆ ಮಾತ್ರ ಅದು ದೊರೆಯುವುದು.

ಪ್ರಾಚೀನ ಗ್ರಂಥಗಳ ಸಂಪಾದಕನಿಗೆ ಪಾಠಭೇದವು ಅಡಿಟಿಪ್ಪಣಿಯಲ್ಲಿ ಮುಗಿಯುವ ಮಾತು. ಊರಹೆಸರಿನ ಮುದ್ರೆಯಿಂದ ನಿವೇಶನವನ್ನು ಹುಡುಕುವ ಕಾಂಟ್ರ್ಯಾಕ್ಟೊಂದನ್ನು ಯಾರಾದರೂ ರಚಿಸಿದರೆ, ಒಡೆಯನಿದ್ದೂ ಉತ್ತರವು ಬರಿಯ ಸೊನ್ನೆಯಾಗಿ ಬಂದೀತು. ಅದು ಸುಳ್ಳೆಂದು ಹೇಳುವವರು ಕಛೇರಿಯಲ್ಲಿ ಗುಮಾಸ್ತನಿದ್ದಂತೆ ಅಲ್ಲಿ ಯಾರೂ ಇರರು.

ಸ್ಥಳದ ಅಭಾವವೂ ಗಮನಾರ್ಹ. ಬೈಟ್ಸ್32 ಎಂಬ ಅಂಕಣದಲ್ಲಿ ಈ ಲೈಬ್ರರಿಯು 31 ಬೈಟುಗಳಿಗೆ ಮೀರಿದ ಪದವನ್ನು ತಿರಸ್ಕರಿಸುತ್ತದೆ. ‘ಕೋಗಿಲು, ಯಲಹಂಕ’ ಎಂಬುದು 35 ಬೈಟುಗಳು. ರೋಮನ್ ಲಿಪಿಯಲ್ಲಿ ಅದೇ ವಿಳಾಸವು 17ರಲ್ಲಿ ಅಡಗುವುದು. ಇದು ಯುಟಿಎಫ್-8ರ ಪ್ರಮಾಣದಿಂದ ಬಂದ ತೊಡಕಾದುದರಿಂದ ಗ್ರಂಥಕರ್ತರನ್ನು ದೂರಲಾಗದು. ಸಾಲಿಡಿಟಿ ಭಾಷೆಯೂ 2020ರ 0.7.0 ಆವೃತ್ತಿಯಿಂದ ಕನ್ನಡ ಪದವನ್ನು ನೇರವಾಗಿ ಬರೆಯುವವರು ‘ಯೂನಿಕೋಡ್’ ಎಂಬ ಗುರುತನ್ನು ಮುಂದಿಡಬೇಕೆಂದು ವಿಧಿಸಿದೆ. ಅದು ಎಚ್ಚರಿಸಿ ನಿಲ್ಲಿಸುತ್ತದೆ. ‘ಐಡಿ’ ಮೌನವಾಗಿ ಒಪ್ಪಿಕೊಳ್ಳುತ್ತದೆ. ಇವೆರಡರಲ್ಲಿ ಮೌನವೇ ಹೆಚ್ಚಿನ ದೋಷ. ಮುದ್ರೆಗೆ ಮೊದಲು ಎನ್‌ಎಫ್‌ಸಿ ರೂಪಕ್ಕೆ ತರುವುದನ್ನು ಮುಂದಿನ ಆವೃತ್ತಿಯಲ್ಲಿ ವಾಡಿಕೆಯಾಗಿಸುವುದು ಕಷ್ಟವಾಗಲಾರದು. ಹಳೆಯ ಮುದ್ರೆಗಳೊಡನೆ ಹೊಂದಿಸುವ ಪ್ರಶ್ನೆ ಮಾತ್ರ ಉಳಿಯುತ್ತದೆ.