ಓಜ್ಮಾಳ ರಾಜ್ಯಭಾರ: ಕ್ಷಮೆ ಮತ್ತು ಮರೆವು

ಅದ್ಭುತ ಕಥೆಗಳಲ್ಲಿ ಪಟ್ಟಾಭಿಷೇಕವೆಂದರೆ ಸಾಮಾನ್ಯವಾಗಿ ಕಥೆಯ ಮುಕ್ತಾಯ. ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ 31 ಕಥಾಕ್ರಿಯೆಗಳಲ್ಲಿ 30ನೆಯದು ಖಳನ ಶಿಕ್ಷೆ. ಕೊನೆಯದು ವಿವಾಹ ಹಾಗೂ ಸಿಂಹಾಸನಾರೋಹಣ. ಅಮೆರಿಕದ ಎಲ್. ಫ್ರಾಂಕ್ ಬಾಮ್ (1856-1919) ಮಕ್ಕಳಿಗಾಗಿ ಬರೆದ ಓಜ್ ಮಾಲಿಕೆಯ ಬಾಲರಾಣಿ ಓಜ್ಮಾ ಈ ಎರಡೂ ಘಟ್ಟಗಳನ್ನು ಪಲ್ಲಟಗೊಳಿಸುತ್ತಾಳೆ. ಆಕೆ ವಿವಾಹವಿಲ್ಲದೆಯೇ ಪಟ್ಟವೇರುತ್ತಾಳೆ, ಶಿಕ್ಷೆಯಿಲ್ಲದೆಯೇ ಆಳಬಯಸುತ್ತಾಳೆ.

1904ರ ‘ದಿ ಮಾರ್ವೆಲಸ್ ಲ್ಯಾಂಡ್ ಆಫ್ ಓಜ್’ ಕೃತಿಯಲ್ಲಿ ಮೋಂಬಿ ಎಂಬ ಮಾಟಗಾತಿಯ ಬಳಿ ಬೆಳೆದ ಟಿಪ್ ಎಂಬ ಹುಡುಗನೇ ಹಿಂದಿನ ಅರಸನ ಮಗಳೆಂಬುದು ಕೊನೆಗೆ ಬಯಲಾಗುತ್ತದೆ. ಮಾಟದಿಂದ ಗಂಡಾಗಿದ್ದ ಶಿಶು ಮತ್ತೆ ಹೆಣ್ಣಾಗುತ್ತದೆ. ಲಿಂಗಪರಿವರ್ತನೆಯು ಜನಪದ ಕಥೆಗಳ ಹಳೆಯ ಆಶಯ. ಸ್ಟಿತ್ ಥಾಂಪ್ಸನ್‌ನ ಆಶಯ ಸೂಚಿಯಲ್ಲಿ ಅದರ ಸಂಖ್ಯೆ ಡಿ 10. ಆದರೆ ಸಿಂಹಾಸನ ದೊರೆಯುವುದಾದರೂ ಹುಡುಗನಾಗಿಯೇ ಉಳಿಯಬೇಕೆಂಬ ಟಿಪ್‌ನ ಹಂಬಲವು ಈ ಆಶಯಕ್ಕೆ ಮಾನವೀಯ ಆಳವನ್ನು ನೀಡಿದೆ.

1910ರ ‘ದಿ ಎಮರಾಲ್ಡ್ ಸಿಟಿ ಆಫ್ ಓಜ್’ನಲ್ಲಿ ನೋಮ್‌ಗಳ ದೊರೆ ಮರುಭೂಮಿಯಡಿ ಸುರಂಗ ತೋಡಿ ದಂಡೆತ್ತಿ ಬರುತ್ತಾನೆ. ರಾಜ್ಯ ಹೋದರೂ ಸರಿ, ಶತ್ರುವಿನ ಮೇಲೆ ಕೈಯೆತ್ತಲು ಓಜ್ಮಾ ಒಪ್ಪುವುದಿಲ್ಲ. ಸುರಂಗದ ಧೂಳಿನಿಂದ ಬಾಯಾರಿದ ಶತ್ರುಗಳು ಮರೆವಿನ ಕಾರಂಜಿಯ ನೀರು ಕುಡಿದು, ಬಂದ ಉದ್ದೇಶವನ್ನೇ ಮರೆಯುತ್ತಾರೆ. ಖಳರನ್ನು ಕ್ರೂರವಾಗಿ ದಂಡಿಸುವ ಹಳೆಯ ಕಥೆಗಳಿಗೆ ಹೋಲಿಸಿದರೆ ಇದು ಉದಾತ್ತವಾದ ಪರಿಹಾರವೇ ಸರಿ.

ಆದರೂ ಇಲ್ಲಿ ಒಂದು ನೈತಿಕ ತೊಡಕಿದೆ. ತಪ್ಪನ್ನೇ ಮರೆತವನು ಪಶ್ಚಾತ್ತಾಪ ಪಡಲಾರ. ಅವನು ಕ್ಷಮೆಯನ್ನು ಪಡೆದವನೂ ಅಲ್ಲ. ಇಂತಹ ಶಾಂತಿಯು ಅವನ ಆಯ್ಕೆಯಾಗದೆ, ಅವನ ಮೇಲೆ ಹೊರಿಸಿದ ಸ್ಥಿತಿಯಾಗುತ್ತದೆ. ಗಮನಿಸಬೇಕಾದುದೆಂದರೆ, ಮುಂದಿನ ಕೃತಿಗಳು ಟಿಪ್‌ನ ಬಾಲ್ಯವನ್ನು ಬಹುಮಟ್ಟಿಗೆ ಬದಿಗೆ ಸರಿಸುತ್ತವೆ. ಅಂದರೆ ರಾಣಿಯ ನಿಷ್ಕಳಂಕ ಬಿಂಬವೂ ಒಂದು ಮರೆವಿನ ಮೇಲೆಯೇ ನಿಂತಿದೆ.

ಬಾಮ್ ತೀರಿಕೊಂಡ ಮೇಲೆ 1920ರಲ್ಲಿ ಪ್ರಕಟವಾದ ‘ಗ್ಲಿಂಡಾ ಆಫ್ ಓಜ್’ ಈ ದೃಷ್ಟಿಯಿಂದ ಮಹತ್ವದ್ದು. ಕಾದಾಡುವ ಎರಡು ಜನಾಂಗಗಳನ್ನು ಒಲಿಸಲು ಓಜ್ಮಾ ಸ್ವತಃ ಹೋಗುತ್ತಾಳೆ. ಅವಳ ಮಾತು ಸೋಲುತ್ತದೆ. ನೀರಲ್ಲಿ ಮುಳುಗಿದ ದ್ವೀಪದಲ್ಲಿ ಆಕೆಯೇ ಸಿಕ್ಕಿಬೀಳುತ್ತಾಳೆ. ಎದುರಾಳಿಗಳ ನೆನಪನ್ನು ಅಳಿಸದೆ, ಅವರ ಹಗೆಯನ್ನು ನೇರವಾಗಿ ಎದುರಿಸಿದ ಈ ಸೋಲು ಕಾರಂಜಿಯ ಗೆಲುವಿಗಿಂತ ದೊಡ್ಡದು. ಹಿಂಸೆಯನ್ನು ಒಲ್ಲದ ಆಳ್ವಿಕೆ ತೆರಬೇಕಾದ ಬೆಲೆ ಇಲ್ಲಿಯೇ ಸ್ಪಷ್ಟವಾಗಿ ಗೋಚರಿಸುತ್ತದೆ.